ರಾಮಗಢದ ಪ್ಲಾನ್ ಹಾಕಿದವರು

‘ಶೋಲೆ’ ಅಂದ್ರೆ ಗಬ್ಬರ್ ನೆನಪಾಗ್ತಾನೆ, ಜೈ-ವೀರೂ ನೆನಪಾಗ್ತಾರೆ. ಆ ಊರನ್ನು ಕಟ್ಟಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ರಾಮ್ ಯೇಡೇಕರ್. ಚಿತ್ರದ ಕಲಾ ನಿರ್ದೇಶಕರು. 1973ರಲ್ಲಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಅವರಿಗೆ ಸಿಕ್ಕಿದ್ದು ಬಂಡೆ ಮತ್ತು ಕುರುಚಲು ಗಿಡ. ಹೆದ್ದಾರಿಯಿಂದ ಅಲ್ಲಿಗೆ ಹೋಗೋಕೆ ರಸ್ತೆಯನ್ನೂ ಚಿತ್ರತಂಡವೇ ಮಾಡಿಕೊಳ್ಳಬೇಕಾಯಿತು. ಅಲ್ಲೇ ಠಾಕೂರನ ಮನೆ, ದೇವಸ್ಥಾನ, ಮಸೀದಿ, ನೀರಿನ ಟ್ಯಾಂಕ್, ಹೀಗೆ ಊರಿಗೆ ಊರೇ ಎದ್ದು ನಿಂತಿತು.

ಕಲಾವಿದರೊಬ್ಬರು ಇಲ್ಲಿ ವಾಸ್ತುಶಿಲ್ಪಿಯ ಕೆಲಸವನ್ನೇ ಮಾಡಿದ್ದಾರೆ ಅನ್ನೋದು ಒಂದು ದೃಶ್ಯದಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ಮಹಡಿಯ ಮೇಲೆ ವಿಧವೆ ರಾಧಾ ಒಂದೊಂದೇ ದೀಪ ಆರಿಸುತ್ತಾಳೆ. ಅಂಗಳದ ಈಚೆ ಕೆಳಗೆ ಕೂತು ಜೈ ಮೌತ್ ಆರ್ಗನ್ ನುಡಿಸುತ್ತಾನೆ. ಮಾತಿಲ್ಲ. ಅವನು ಮೇಲೆ ಹೋಗುವಂತಿಲ್ಲ, ಅವಳು ಇಳಿದು ಬರುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಮನೆಯ ನಕ್ಷೆಯೇ ಹೇಳುತ್ತೆ. ಆ ದೀಪದ ದೃಶ್ಯಗಳಿಗೆ ಸರಿಯಾದ ಬೆಳಕು ಸಿಗೋಕೆ ಸುಮಾರು 20 ದಿನ ಹಿಡಿಯಿತಂತೆ. ಅದೇ ಊರಿನ ನೀರಿನ ಟ್ಯಾಂಕ್ ನೋಡಿ. ಕುಡಿದ ವೀರೂ ಅದರ ತುದಿಗೆ ಹತ್ತಿದ್ದೇ ತಡ, ಇಡೀ ಊರು ಕೆಳಗೆ ಪ್ರೇಕ್ಷಕರಾಗಿ ನಿಲ್ಲುತ್ತೆ.

ಜಾಗ ಹೇಗಿದೆಯೋ ಜನ ಹಾಗೆ. ಹಳ್ಳಿಯ ಅರಳಿಕಟ್ಟೆಗೆ ಇದು ಯಾವತ್ತೋ ಗೊತ್ತಿತ್ತು: ಕೂರೋಕೆ ಕಟ್ಟೆ ಇದ್ದರೆ ಮಾತು ತಾನಾಗೇ ಬರುತ್ತೆ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಇದೆ, ಕಟ್ಟೆ ಇಲ್ಲ. ಹತ್ತು ವರ್ಷವಾದರೂ ಪಕ್ಕದ ಮನೆಯವರ ಹೆಸರು ಗೊತ್ತಿರಲ್ಲ. ಆಮೇಲೆ ‘ಸಿಟಿ ಜನಕ್ಕೆ ಮನುಷ್ಯತ್ವ ಇಲ್ಲ’ ಅಂತೀವಿ. ಪ್ಲಾನ್ ಹಾಕಿದವರನ್ನು ಯಾರೂ ಕೇಳಲ್ಲ.

1975ರ ಆಗಸ್ಟ್ 15ಕ್ಕೆ ಸಿನಿಮಾ ತೆರೆಗೆ ಬಂತು. ರಾಮಗಢದ ಒಂದು ಗೋಡೆಯೂ ಈಗ ಉಳಿದಿಲ್ಲ. ಆದರೂ ಜನ ಹುಡುಕಿಕೊಂಡು ಬರ್ತಾರೆ, ಬಂಡೆ ಕಂಡರೆ ಸಾಕು, ಗಬ್ಬರನ ಗತ್ತಿನಲ್ಲಿ ಕೂಗ್ತಾರೆ. ಅದೂ ಆ ಜಾಗ ಕಲಿಸಿದ್ದೇ.

2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ರಣಹದ್ದುಗಳ ಅಭಯಾರಣ್ಯವಾಯಿತು. ಉದ್ದಕೊಕ್ಕಿನ ರಣಹದ್ದು ಹೆಚ್ಚಾಗಿ ಗೂಡು ಕಟ್ಟೋದು ಇಂಥ ಕಡಿದಾದ ಬಂಡೆಯ ಅಂಚಿನಲ್ಲಿ. ನಮಗೆ ಕೂಗಬೇಕು ಅನ್ನಿಸುವ ಬಂಡೆ ಅದಕ್ಕೆ ಮನೆ. ಮುಂದಿನ ಸಲ ರಾಮನಗರಕ್ಕೆ ಹೋದರೆ ಡೈಲಾಗ್ ಮನಸ್ಸಲ್ಲೇ ಹೇಳಿಕೊಳ್ಳಿ.