ಲೋಕಾಕಾರವೂ ಕ್ಷೇತ್ರಗಣಿತವೂ: ಬಂಕಾಪುರದ ಗುರುಪರಂಪರೆಯ ಒಂದು ಸ್ಮರಣೆ

ಶ್ರಾವಕರ ಮನೆಯ ಬಾಗಿಲುಗಳಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ, ಬಸದಿಯ ಧ್ವಜಪಟಗಳಲ್ಲಿ ಒಂದು ಆಕೃತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಲುಗಳನ್ನು ಅಗಲಿಸಿ, ಟೊಂಕದ ಮೇಲೆ ಕೈಗಳನ್ನಿಟ್ಟು ನಿಂತ ಪುರುಷನಂತಹ ಲೋಕಾಕಾರವದು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಸಂದರ್ಭದಲ್ಲಿ, 1974–75ರಲ್ಲಿ, ಎಲ್ಲ ಪಂಥಗಳ ಜೈನರೂ ಅದನ್ನು ಸಮಾನ ಪ್ರತೀಕದ ಹೊರರೇಖೆಯಾಗಿ ಅಂಗೀಕರಿಸಿದರು. ಅದಕ್ಕೆ ಕೈಮುಗಿಯುವವರು ಅನೇಕರು. ಆ ರೇಖೆಗಳ ಒಳಗೆ ಸಾವಿರದ ಇನ್ನೂರು ವರ್ಷಗಳ ಹಿಂದಿನ ಅತಿ ಸೂಕ್ಷ್ಮವಾದ ಕ್ಷೇತ್ರಗಣಿತ ಅಡಗಿದೆಯೆಂಬುದನ್ನು ಅರಿತವರು ವಿರಳ. ಆ ಗಣಿತವನ್ನು ಬೆಳೆಸಿದ ಆಚಾರ್ಯರ ಪರಂಪರೆಯ ಒಂದು ನೆಲೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಈ ಸೀಮೆಯಲ್ಲಿಯೇ ಇತ್ತೆಂಬುದು ಇಲ್ಲಿನ ಜನರಿಗೆ ಅಭಿಮಾನದ ಸಂಗತಿ.

ಬಂಕಾಪುರದ ವಿದ್ಯಾವೈಭವ

ಶಿಗ್ಗಾವಿ ತಾಲ್ಲೂಕಿನ ಬಂಕಾಪುರವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ದಂಡನಾಯಕನಾದ ಬಂಕೆಯನ ಹೆಸರನ್ನು ಹೊತ್ತ ಊರು. ಬಂಕೆಯನ ಮಗ ಲೋಕಾದಿತ್ಯನು ಅಲ್ಲಿಂದ ಬನವಾಸಿ ನಾಡನ್ನು ಆಳುತ್ತಿದ್ದನೆಂದು ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯು ಶಕ 820ರ ಕಾಲವನ್ನು ಹೇಳುತ್ತ ಸ್ಮರಿಸುತ್ತದೆ. ಗುಣಭದ್ರರ ಗುರುಗಳು ಜಿನಸೇನಾಚಾರ್ಯರು. ಜಿನಸೇನರ ಗುರುಗಳು ಧವಳಾ ಟೀಕೆಯನ್ನು ರಚಿಸಿದ ವೀರಸೇನಾಚಾರ್ಯರು. ಮುಂದೆ ಇದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರಿದ್ದರು. ಗಂಗರ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಅವರ ಸನ್ನಿಧಿಯಲ್ಲಿಯೇ ಸಲ್ಲೇಖನ ವ್ರತವನ್ನು ಪೂರೈಸಿದನು. ಚಾವುಂಡರಾಯನೂ ಅಜಿತಸೇನರ ಶಿಷ್ಯನೇ. ಆ ಚಾವುಂಡರಾಯನಿಗೆ ಗುರುಸ್ಥಾನದಲ್ಲಿದ್ದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಮೂರು ಲೋಕಗಳ ಅಳತೆಗಳನ್ನು ತಿಳಿಸುವ ತ್ರಿಲೋಕಸಾರವನ್ನು ರಚಿಸಿದರು. ಹೀಗೆ ಗಣಿತವನ್ನು ಧರ್ಮಶಾಸ್ತ್ರದ ಅಂಗವೆಂದೇ ಭಾವಿಸಿದ ಎರಡು ಪರಂಪರೆಗಳ ಎಳೆಗಳು ಬಂಕಾಪುರದಲ್ಲಿ ಕೂಡಿಕೊಳ್ಳುತ್ತವೆ.

343 ಘನರಜ್ಜುಗಳ ಲೆಕ್ಕ

ಲೋಕದ ಎತ್ತರ 14 ರಜ್ಜು. ಅಡಿಯಲ್ಲಿ ಅಗಲ 7 ರಜ್ಜು. ಅದು ಕಿರಿದಾಗುತ್ತ ನಡುವಿನ ಮಧ್ಯಲೋಕದಲ್ಲಿ 1 ರಜ್ಜುವಾಗುತ್ತದೆ. ಬಳಿಕ ಬ್ರಹ್ಮಲೋಕದ ಬಳಿ 5 ರಜ್ಜುವಿಗೆ ಹಿಗ್ಗಿ, ತುದಿಯಲ್ಲಿ ಮತ್ತೆ 1 ರಜ್ಜುವಿಗೆ ಇಳಿಯುತ್ತದೆ. ಒಟ್ಟು ಘನಫಲವು 7ರ ಘನ, ಅಂದರೆ 343 ಘನರಜ್ಜು ಎಂಬುದು ಪರಂಪರೆಯ ಮಾತು. ಲೋಕವು ಮೃದಂಗದಂತೆ ದುಂಡಗಿದೆಯೆಂದು ಭಾವಿಸಿದವರೂ ಇದ್ದರು. ವೀರಸೇನರು ಆ ದುಂಡಾಕೃತಿಯನ್ನು ತುಂಡುತುಂಡಾಗಿ ವಿಭಾಗಿಸಿ ಲೆಕ್ಕ ಮಾಡಿದರು. ಬಂದ ಫಲ ಸುಮಾರು 164 ಘನರಜ್ಜು ಮಾತ್ರ. 343ರ ಅರ್ಧಕ್ಕಿಂತಲೂ ಕಡಿಮೆ. ಆದುದರಿಂದ ಲೋಕವು ದುಂಡಗಿರಲಾರದು, ದಕ್ಷಿಣೋತ್ತರವಾಗಿ ಎಲ್ಲೆಡೆಯೂ 7 ರಜ್ಜು ದಪ್ಪವಿರಬೇಕು ಎಂದು ಅವರು ನಿರ್ಣಯಿಸಿದರು. ಕೇಳಿದ್ದನ್ನು ಕೇಳಿದಂತೆ ಒಪ್ಪದೆ ಗಣಿತದ ಒರೆಗಲ್ಲಿಗೆ ಹಚ್ಚಿ ನೋಡಿದ ಧೀಮಂತಿಕೆ ಇದು.

ಈ ಲೆಕ್ಕವನ್ನು ಶಾಲೆಯ ಮಕ್ಕಳೂ ರಟ್ಟಿನ ತುಂಡುಗಳಿಂದ ಮಾಡಿ ನೋಡಬಹುದು. ಅಧೋಲೋಕದ ಮುಖವು ಅಡಿಯಲ್ಲಿ 7, ಮೇಲೆ 1, ಎತ್ತರ 7 ಇರುವ ಆಕೃತಿ. ಅದನ್ನು ನಡುವೆ ನೆಟ್ಟಗೆ ಸೀಳಿ, ಒಂದು ಹೋಳನ್ನು ತಲೆಕೆಳಗು ಮಾಡಿ, ಇಳಿಜಾರಾದ ಅಂಚಿಗೆ ಇಳಿಜಾರಾದ ಅಂಚನ್ನು ಹೊಂದಿಸಿದರೆ 4 ಅಗಲ, 7 ಎತ್ತರದ ಆಯತವಾಗುತ್ತದೆ. ದಪ್ಪ 7 ಆದುದರಿಂದ ಘನಫಲ 196. ಊರ್ಧ್ವಲೋಕದ ಎರಡು ಭಾಗಗಳ ಎತ್ತರ ಮೂರೂವರೆ ಮೂರೂವರೆ. ಅವನ್ನೂ ಹಾಗೆಯೇ ಸೀಳಿ ಹೊಂದಿಸಿದರೆ 3 ಅಗಲದ ಎರಡು ಆಯತಗಳು ದೊರೆಯುತ್ತವೆ. ಒಂದರ ಮೇಲೊಂದಿಟ್ಟರೆ ಎತ್ತರ 7. ಘನಫಲ 147. ಈ 4 ಅಗಲದ ಗೋಡೆಯ ಪಕ್ಕಕ್ಕೆ 3 ಅಗಲದ ಗೋಡೆಯನ್ನು ನಿಲ್ಲಿಸಿದರೆ ಉದ್ದ, ಅಗಲ, ಎತ್ತರ ಮೂರೂ ಏಳೇಳಾದ ಪರಿಪೂರ್ಣ ಘನವು ಎದುರಿಗೆ ನಿಲ್ಲುತ್ತದೆ. 196ಕ್ಕೆ 147 ಕೂಡಿದರೆ 343.

ಬಟ್ಟೆಯ ಮೇಲೆ ಬರೆದ ಲೋಕಚಿತ್ರದಲ್ಲಿ ಮುಂಭಾಗವಷ್ಟೇ ಕಾಣುವುದರಿಂದ ಆ 7 ರಜ್ಜು ದಪ್ಪವು ನೋಡುವವರ ಮನಸ್ಸಿಗೆ ಬರುವುದಿಲ್ಲ. ಇದಕ್ಕೆ ಇಂಜಿನಿಯರರು ಬಳಸುವ ಐಸೊಮೆಟ್ರಿಕ್ ಚಿತ್ರಣ ಒಳ್ಳೆಯ ಸಾಧನ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಲಿಯಂ ಫಾರಿಶ್ ಎಂಬವರು 1822ರಲ್ಲಿ ಇದರ ನಿಯಮಗಳನ್ನು ಪ್ರಕಟಿಸಿದರು. ಎತ್ತರದ ಗೆರೆಗಳನ್ನು ನೆಟ್ಟಗೆ ಎಳೆಯಬೇಕು. ಅಗಲ ಮತ್ತು ದಪ್ಪದ ಗೆರೆಗಳನ್ನು ಎಡಕ್ಕೂ ಬಲಕ್ಕೂ 30 ಅಂಶಗಳಷ್ಟು ಓರೆಯಾಗಿ ಎಳೆಯಬೇಕು. ಮೂರಕ್ಕೂ ಒಂದೇ ಅಳತೆಗೋಲು. ಲೋಕಾಕಾರದ ಮುಖವನ್ನು ಹೀಗೆ ಬರೆದು, ಅದರ ಪ್ರತಿಯೊಂದು ಮೂಲೆಯಿಂದ 7ರ ಗೆರೆಗಳನ್ನು ಹಿಂದಕ್ಕೆ ಎಳೆದು ತುದಿಗಳನ್ನು ಕೂಡಿಸಿದರೆ, ವೀರಸೇನರು ಬುದ್ಧಿಯಿಂದ ಕಂಡ ಲೋಕವು ಕಾಗದದ ಮೇಲೆ ಕಣ್ಣಿಗೂ ಕಾಣುತ್ತದೆ.

ವ್ಯವಹಾರ ಮತ್ತು ಸೂಕ್ಷ್ಮ

ಅಮೋಘವರ್ಷನನ್ನು ಗ್ರಂಥಾರಂಭದಲ್ಲಿ ಸ್ತುತಿಸಿದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವು 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮುದ್ರಣಗೊಂಡು ಲೋಕದ ಪಂಡಿತರ ಗಮನವನ್ನು ಸೆಳೆಯಿತು. ಅವರು ಕ್ಷೇತ್ರಫಲವನ್ನು ಎರಡು ಬಗೆಯಾಗಿ ಹೇಳುತ್ತಾರೆ: ನಿತ್ಯದ ಕೆಲಸಕ್ಕೆ ವ್ಯಾವಹಾರಿಕ, ನಿಖರತೆಗೆ ಸೂಕ್ಷ್ಮ. ವೃತ್ತದ ಪರಿಧಿಗೆ ವ್ಯಾವಹಾರಿಕವಾಗಿ ವ್ಯಾಸದ 3ರಷ್ಟು. ಸೂಕ್ಷ್ಮವಾಗಿ 10ರ ವರ್ಗಮೂಲದಷ್ಟು. 4 ಅಡಿ ವ್ಯಾಸದ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೊಳ್ಳುವವನು ಮೊದಲ ಲೆಕ್ಕದಂತೆ 12 ಅಡಿ ತಂದರೆ ಪಟ್ಟಿ ಸುಮಾರು 7 ಅಂಗುಲ ಸಾಲದು. ಎರಡನೆಯದರಂತೆ ತಂದರೆ ಒಂದು ಅಂಗುಲ ಉಳಿಯುತ್ತದೆ. ಧವಳಾದಲ್ಲಿ ಇನ್ನೂ ಸೂಕ್ಷ್ಮವಾದ ಸೂತ್ರವಿದೆ: ವ್ಯಾಸವನ್ನು 16ರಿಂದ ಗುಣಿಸಿ, 16 ಕೂಡಿಸಿ, 113ರಿಂದ ಭಾಗಿಸಿ, ವ್ಯಾಸದ ಮೂರರಷ್ಟನ್ನು ಸೇರಿಸಬೇಕು. ವ್ಯಾಸವು ದೊಡ್ಡದಾದಂತೆ ಕೂಡಿಸಿದ 16 ಗಣನೆಗೆ ಬಾರದೆ 355ನ್ನು 113ರಿಂದ ಭಾಗಿಸಿದ ಪ್ರಮಾಣ ಉಳಿಯುತ್ತದೆ. ಇಂದಿನ ಗಣಿತದೊಡನೆ ಅದು ಆರು ದಶಮಾಂಶ ಸ್ಥಾನಗಳವರೆಗೆ ಸರಿಹೊಂದುತ್ತದೆ.

ಲಕ್ಷ ಯೋಜನ ವ್ಯಾಸದ ಜಂಬೂದ್ವೀಪಕ್ಕೆ ಶಾಸ್ತ್ರಗಳು ಹೇಳುವ 3,16,227 ಯೋಜನಗಳಿಗೆ ಮಿಕ್ಕ ಪರಿಧಿಯು 10ರ ವರ್ಗಮೂಲದಿಂದ ಬಂದುದು. ಇಂದಿನ ಲೆಕ್ಕದಂತೆ ಅದು 3,14,159 ಆಗುತ್ತದೆ. ಈ ವ್ಯತ್ಯಾಸವನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ವ್ಯಾವಹಾರಿಕದಿಂದ ಸೂಕ್ಷ್ಮಕ್ಕೆ, ಸೂಕ್ಷ್ಮದಿಂದ ಸೂಕ್ಷ್ಮತರಕ್ಕೆ ನಡೆದುದೇ ಆಚಾರ್ಯರ ಮಾರ್ಗ.

ಹದಿನಾರು ಕ್ಷೇತ್ರಗಳು

ಮಹಾವೀರಾಚಾರ್ಯರು ಮೂರು ಬಗೆಯ ತ್ರಿಭುಜ, ಐದು ಬಗೆಯ ಚತುರ್ಭುಜ, ಎಂಟು ಬಗೆಯ ವೃತ್ತ ಎಂದು 16 ಕ್ಷೇತ್ರಗಳನ್ನು ಎಣಿಸಿದ್ದಾರೆ. ಅಂಡಾಕಾರದ ಆಯತವೃತ್ತ, ಶಂಖದಂತಹ ಕಂಬುಕವೃತ್ತ, ಬಳೆಯಂತಹ ಎರಡು ಚಕ್ರವಾಳಗಳು ಇವುಗಳಲ್ಲಿವೆ. ಟೋಪಾಲಜಿ ಎಂಬ ಆಧುನಿಕ ಶಾಸ್ತ್ರವು ಉದ್ದ, ಕೋನಗಳನ್ನು ಬದಿಗಿಟ್ಟು, ಹರಿಯದೆ, ಅಂಟಿಸದೆ, ಎಳೆದು ಬಗ್ಗಿಸಿದರೂ ಕೆಡದ ಗುಣವನ್ನಷ್ಟೇ ನೋಡುತ್ತದೆ. 1736ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳ ಪ್ರಶ್ನೆಯನ್ನು ಬಿಡಿಸಿದುದು ಅದರ ಬೀಜ. ಅದರ ದೃಷ್ಟಿಯಲ್ಲಿ 16ರಲ್ಲಿ 14 ಕ್ಷೇತ್ರಗಳು ಒಂದೇ ಜಾತಿ. ರೊಟ್ಟಿಯ ಹಿಟ್ಟನ್ನು ತಟ್ಟಿದಂತೆ ಒಂದನ್ನು ಇನ್ನೊಂದಾಗಿಸಬಹುದು. ಚಕ್ರವಾಳಗಳೆರಡು ಮಾತ್ರ ಬೇರೆ, ಏಕೆಂದರೆ ಅವುಗಳ ನಡುವೆ ತೂತಿದೆ. ಜಂಬೂದ್ವೀಪವು ತುಂಬಿದ ಬಿಲ್ಲೆ. ಅದನ್ನು ಸುತ್ತಿದ 2 ಲಕ್ಷ ಯೋಜನ ಅಗಲದ ಲವಣಸಮುದ್ರವು ಬಳೆ. ಹೊರವ್ಯಾಸ 5 ಲಕ್ಷ, ಒಳವ್ಯಾಸ 1 ಲಕ್ಷ. 5ರ ವರ್ಗ 25ರಲ್ಲಿ 1 ಕಳೆದರೆ 24. ಲವಣಸಮುದ್ರದ ಕ್ಷೇತ್ರಫಲವು ಜಂಬೂದ್ವೀಪದ 24ರಷ್ಟು. ಈ ಲೆಕ್ಕದಲ್ಲಿ ಪರಿಧಿಯ ಪ್ರಮಾಣ ಯಾವುದಾದರೂ ಉತ್ತರ ಬದಲಾಗದು.

ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿ ಈ ವಿದ್ಯೆಯನ್ನು ಜನಸಾಮಾನ್ಯರ ಬಳಿಗೆ ತಂದನು. ಅದೇ ಶತಮಾನದಲ್ಲಿ ಮೇಲೆದ್ದ ಹಾನಗಲ್ಲಿನ ತಾರಕೇಶ್ವರ ದೇಗುಲದ ಎಂಟು ಮೂಲೆಗಳ ಮಂಟಪ, ಅದರ ಮೇಲಿನ ಕಮಲದ ಛತ್ತು ಶಿಲ್ಪಿಗಳ ಕೈಗೂ ಕ್ಷೇತ್ರಗಣಿತವು ಒಲಿದಿತ್ತೆಂಬುದಕ್ಕೆ ಸಾಕ್ಷಿ. ಧವಳಾ ಟೀಕೆಯ ಓಲೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಪೂಜೆಗೊಂಡವು. 1939ರಿಂದ ಅಚ್ಚಾಗಿ ಹೊರಬಂದ ಬಳಿಕವೇ ಅದರೊಳಗಣ ಗಣಿತವು ಜಗತ್ತಿಗೆ ತಿಳಿಯಿತು. ಪೂಜೆಯಿಂದ ಗ್ರಂಥವು ಉಳಿಯಿತು, ಓದಿನಿಂದ ಅದರ ವಿದ್ಯೆ ಬೆಳಗಿತು. ಪ್ರತಿಷ್ಠೆಗೊಳ್ಳುವ ಪ್ರತಿಯೊಂದು ಬಸದಿಯಲ್ಲಿಯೂ ಲೋಕಚಿತ್ರದ ಪಕ್ಕದಲ್ಲಿ ಮಕ್ಕಳ ಕೈಗೆ ಅಳತೆಗೋಲು ಮತ್ತು ಕೈವಾರ ದೊರೆಯುವುದಾದರೆ, ವೀರಸೇನ ಮಹಾವೀರಾಚಾರ್ಯರಿಗೆ ಅದಕ್ಕಿಂತ ಉಚಿತವಾದ ಅರ್ಘ್ಯವಿಲ್ಲ.