ಹಳೆಯ ಕಂಪ್ಯೂಟರ್‌ನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ಬಂದರೆ ವೈರಸ್ ಇದೆ ಎಂದರ್ಥವೇ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಅಥವಾ ಕಾಗವಾಡದ ಒಂದು ಸೊಸೈಟಿಯಲ್ಲೋ ಶಾಲೆಯ ಲ್ಯಾಬ್‌ನಲ್ಲೋ ಹಳೆಯ ಪೆಂಟಿಯಂ 3 ಕಂಪ್ಯೂಟರ್ ಇನ್ನೂ ಓಡುತ್ತಿದೆ ಎಂದುಕೊಳ್ಳಿ. ಪರಿಚಿತರೊಬ್ಬರು ಲೆಕ್ಕಕ್ಕೆಂದು ಪ್ರೋಗ್ರಾಂ ಬರೆದುಕೊಡುತ್ತಾರೆ. ತೆರೆದ ಕೂಡಲೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ತೋರಿಸಿ ಅದು ನಿಂತುಬಿಡುತ್ತದೆ. ವೈರಸ್ ಇರಬೇಕು, ಕಳ್ಳ ಪ್ರತಿ ಇರಬೇಕು, ಇಲ್ಲವೇ ಯಂತ್ರವನ್ನು ಗುಜರಿಗೆ ಹಾಕಬೇಕು ಎಂದು ಅನ್ನಿಸುವುದು ಸಹಜ. ಸಾಮಾನ್ಯವಾಗಿ ಕಾರಣ ಇದಾವುದೂ ಅಲ್ಲ.

ನಿಜವಾದ ಕಾರಣವೇನು?

ನಾವು ಬರೆದ ಪ್ರೋಗ್ರಾಂ ಅನ್ನು ಪ್ರೊಸೆಸರ್‌ಗೆ ತಿಳಿಯುವ ಆದೇಶಗಳಾಗಿ ಬದಲಿಸುವುದು ಕಂಪೈಲರ್‌ನ ಕೆಲಸ. ಪ್ರತಿ ಪೀಳಿಗೆಯ ಪ್ರೊಸೆಸರ್‌ಗೂ ಹೊಸ ಆದೇಶಗಳು ಸೇರುತ್ತಾ ಬಂದಿವೆ. 1999ರ ಪೆಂಟಿಯಂ 3ರಲ್ಲಿ ಎಸ್‌ಎಸ್‌ಇ ಇದೆ, ಎಸ್‌ಎಸ್‌ಇ2 ಇಲ್ಲ. ಅದು ಬಂದದ್ದು 2000ದ ಪೆಂಟಿಯಂ 4ರೊಂದಿಗೆ. ತನಗೆ ಗೊತ್ತಿಲ್ಲದ ಆದೇಶ ಎದುರಾದಾಗ ಪ್ರೊಸೆಸರ್ ಕೆಲಸ ನಿಲ್ಲಿಸುತ್ತದೆ. ಇಲ್ಲಿ ‘ಇಲ್ಲೀಗಲ್’ ಎಂದರೆ ಇಷ್ಟೇ, ಕಾನೂನಿಗೂ ಇದಕ್ಕೂ ಸಂಬಂಧವಿಲ್ಲ.

ಹಳೆಯ ಯಂತ್ರಕ್ಕೆ ಹಳೆಯ ಕಂಪೈಲರೇ ಬೇಕೇ?

ಬೇಕೆಂದೇನಿಲ್ಲ. ಮುಖ್ಯವಾದದ್ದು ಕಂಪೈಲರ್‌ನ ವಯಸ್ಸಲ್ಲ, ಅದಕ್ಕೆ ನಾವು ಕೊಡುವ ಗುರಿ.

• ಜಿಸಿಸಿ: ಹೊಸ ಆವೃತ್ತಿಯಲ್ಲೂ ‘ಎಂ-ಆರ್ಚ್’ ಆಯ್ಕೆಗೆ ‘ಐ686’ ಎಂದು ಕೊಟ್ಟರೆ ಪೆಂಟಿಯಂ 3ಕ್ಕೆ ಹೊಂದುವ ಆದೇಶಗಳು ಸಿಗುತ್ತವೆ. 64 ಬಿಟ್ ಯಂತ್ರದಲ್ಲಿ ಕಂಪೈಲ್ ಮಾಡುವಾಗ ‘ಎಂ32’ ಕೂಡ ಬೇಕು. ‘ನೇಟಿವ್’ ಎಂದು ಕೊಡಬೇಡಿ; ಆಗ ಪ್ರೋಗ್ರಾಂ ಕಂಪೈಲ್ ಮಾಡಿದ ಯಂತ್ರಕ್ಕೆ ಒಗ್ಗುತ್ತದೆ, ಓಡಬೇಕಾದ ಯಂತ್ರಕ್ಕಲ್ಲ.
• ವಿಷುಯಲ್ ಸ್ಟುಡಿಯೊ: 2012ರ ಆವೃತ್ತಿಯಿಂದ 32 ಬಿಟ್ ಪ್ರೋಗ್ರಾಂಗೂ ಎಸ್‌ಎಸ್‌ಇ2 ತಾನಾಗಿಯೇ ಸೇರುತ್ತದೆ. ಬೇಡವಾದರೆ ‘ಐಎ32’ ಆರಿಸಬೇಕು.
• ರಸ್ಟ್: ಇದರ ‘ಐ686’ ಗುರಿಗೂ ಎಸ್‌ಎಸ್‌ಇ2 ಬೇಕು. ಹೆಸರು ನೋಡಿ ಮೋಸಹೋಗದೆ ‘ಐ586’ ಆರಿಸಿ.
• 16 ಬಿಟ್ ಡಾಸ್ ಯಂತ್ರ: ಓಪನ್ ವಾಟ್‌ಕಾಮ್, ಅಥವಾ ನಮ್ಮ ಕಾಲೇಜು ಲ್ಯಾಬ್‌ಗಳಿಗೆ ಚಿರಪರಿಚಿತವಾದ ಟರ್ಬೊ ಸಿ.

ಪ್ರೊಸೆಸರ್‌ನ ಕುಲವೇ ಬೇರೆಯಾದರೆ?

ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿದ್ದದ್ದು ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್. ಪೆಂಟಿಯಂಗೆ ಮಾಡಿದ ಪ್ರೋಗ್ರಾಂ ಅದರಲ್ಲಿ ನೇರವಾಗಿ ಓಡದು. ಇಂಥಲ್ಲಿ ಒಂದು ಯಂತ್ರದಲ್ಲಿ ಕುಳಿತು ಇನ್ನೊಂದಕ್ಕೆ ಆದೇಶ ತಯಾರಿಸುವ ಕ್ರಾಸ್ ಕಂಪೈಲರ್ ಬೇಕು. ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕ ಅದರಲ್ಲಿರಲಿಲ್ಲ. ಆ ಲೆಕ್ಕವನ್ನು ಸಾಫ್ಟ್‌ವೇರ್ ಮೂಲಕವೇ ಮಾಡಿಸಬೇಕು.

ಆರಿಸುವ ಮುನ್ನ ಏನು ನೋಡಬೇಕು?

ಪ್ರೋಗ್ರಾಂ ಓಡಬೇಕಾದ ಯಂತ್ರಗಳಲ್ಲಿ ಅತಿ ಹಳೆಯದು ಯಾವುದು ಎಂದು ಮೊದಲು ಪತ್ತೆ ಮಾಡಿ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆ ಪ್ರೊಸೆಸರ್‌ಗೆ ಏನೇನು ಗೊತ್ತು ಎಂಬ ಪಟ್ಟಿ ಕೊಡುತ್ತದೆ. ಪ್ರೋಗ್ರಾಂ ಬಳಸುವ ಲೈಬ್ರರಿಗಳೂ ಅದೇ ಗುರಿಗೆ ಕಂಪೈಲ್ ಆಗಿರಬೇಕು. ಒಂದೇ ಒಂದು ಹೊಸ ಲೈಬ್ರರಿ ಸೇರಿದರೂ ಅದೇ ದೋಷ ಮರಳಿ ಬರಬಹುದು. ಕೊನೆಗೆ ಹಳೆಯ ಯಂತ್ರದಲ್ಲೇ ಓಡಿಸಿ ನೋಡಿ.

ನೆನಪಿಡಿ: ಹಳೆಯ ಆಪರೇಟಿಂಗ್ ಸಿಸ್ಟಂಗೆ ಭದ್ರತಾ ಅಪ್‌ಡೇಟ್ ನಿಂತಿದ್ದರೆ ಆ ಯಂತ್ರವನ್ನು ಇಂಟರ್ನೆಟ್‌ಗೆ ಜೋಡಿಸಬೇಡಿ. ಲೆಕ್ಕ, ಟೈಪಿಂಗ್, ಮಕ್ಕಳ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ಅದು ಇನ್ನೂ ಕೆಲಸಕ್ಕೆ ಬರುತ್ತದೆ.