ಪ್ರಿಂಟರಿನ ಜಗಳದಿಂದ ಫ್ಲಾಪಿಯ ವಾರಸುದಾರನವರೆಗೆ: ಲಿನಕ್ಸ್ ತಿರುಳು ಕಾಯುವವರ ಕತೆ

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾಗಿದ್ದರೆ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ವಿವರ ಇರುವ ಜಾಗ ತೆರೆಯಿರಿ. ಆಂಡ್ರಾಯ್ಡ್ ಆವೃತ್ತಿಯ ಆಸುಪಾಸಿನಲ್ಲೇ ‘ಕರ್ನೆಲ್ ಆವೃತ್ತಿ’ ಎಂದು ಬರೆದು 4.19 ಎಂದೋ 5.10 ಎಂದೋ ಒಂದು ಅಂಕಿ ಇರುತ್ತದೆ. ಆ ಅಂಕಿ ಲಿನಕ್ಸ್‌ನದ್ದು. ಇದು ಸೈನ್ಯದ ಕರ್ನಲ್ ಅಲ್ಲ, ತೆಂಗಿನಕಾಯಿಯೊಳಗಿನ ತಿರುಳು ಅನ್ನುವ ಅರ್ಥದ ಕರ್ನೆಲ್. ಪರದೆ, ಕ್ಯಾಮೆರಾ, ಬ್ಯಾಟರಿ, ಸಿಮ್ ಎಲ್ಲಕ್ಕೂ ಕೆಲಸ ಹೇಳುವುದು ಈ ತಿರುಳೇ. ಆದರೆ ಒಂದೊಂದು ಬಿಡಿಭಾಗಕ್ಕೂ ಅದರದ್ದೇ ಭಾಷೆ ಇರುತ್ತದೆ. ಆ ಭಾಷೆ ಬಲ್ಲ ದುಭಾಷಿಯನ್ನು ‘ಡ್ರೈವರ್’ ಎನ್ನುತ್ತಾರೆ. ದುಭಾಷಿ ಇಲ್ಲದಿದ್ದರೆ ಎಷ್ಟು ದುಬಾರಿ ಕ್ಯಾಮೆರಾ ಆದರೂ ಬರೀ ಗಾಜಿನ ತುಂಡು.

ಈ ದುಭಾಷಿಗಳನ್ನು ಬರೆದವರು ಯಾರು, ಅವರು ಹೋದ ಮೇಲೆ ನೋಡಿಕೊಳ್ಳುವವರು ಯಾರು? ಇದರ ಹಿಂದೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

ಕತೆ ಒಂದು ಪ್ರಿಂಟರಿನಿಂದ ಶುರು. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಮುದ್ರಣ ಚೆನ್ನಾಗಿತ್ತು, ಕಾಗದ ಮಾತ್ರ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು: ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಹೋಗಬೇಕು, ಯಾರಾದರೂ ಎದ್ದು ಹೋಗಿ ಸರಿಮಾಡಬೇಕು. ಹೊಸದಕ್ಕೂ ಹಾಗೇ ಮಾಡೋಣವೆಂದರೆ ಅದನ್ನು ನಡೆಸುವ ತಂತ್ರಾಂಶದ ಮೂಲ ಬರಹವನ್ನು ಕಂಪನಿ ಕೊಟ್ಟಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆ ಎಂದು ತಿಳಿದು ಹೋಗಿ ಕೇಳಿದರೆ, ‘ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದ್ದೇನೆ’ ಅನ್ನುವ ಉತ್ತರ ಸಿಕ್ಕಿತು. ಸ್ಟಾಲ್‌ಮನ್ ತಮ್ಮ ಭಾಷಣಗಳಲ್ಲಿ ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿದ್ದಾರೆ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯಾಚರಣೆ ವ್ಯವಸ್ಥೆ ಕಟ್ಟುವುದು ಅದರ ಗುರಿ. ಎಲ್ಲಾ ಸಿದ್ಧವಾಗುತ್ತಾ ಬಂತು, ತಿರುಳೊಂದೇ ಬಾಕಿ ಉಳಿಯಿತು.

ಆ ತಿರುಳು ಬಂದದ್ದು ಫಿನ್ಲೆಂಡಿನಿಂದ. ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಒಂದು 386 ಕಂಪ್ಯೂಟರ್ ಕೊಂಡಿದ್ದರು. ಆಗಸ್ಟ್ 25ರಂದು, ‘ಹವ್ಯಾಸಕ್ಕೆ ಒಂದು ಕಾರ್ಯಾಚರಣೆ ವ್ಯವಸ್ಥೆ ಬರೆಯುತ್ತಿದ್ದೇನೆ’ ಎಂದು ಎಲ್ಲರಿಗೂ ತಿಳಿಸಿದರು. ತಮ್ಮ ಹತ್ತಿರ ಇರುವ ಜಾತಿಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಇದು ಬಹುಶಃ ಹೊಂದಿಕೊಳ್ಳುವುದಿಲ್ಲ, ಯಾಕೆಂದರೆ ತಮ್ಮ ಹತ್ತಿರ ಇರುವುದು ಅದೊಂದೇ ಎಂಬ ಅರ್ಥದ ಮಾತೂ ಅದರಲ್ಲಿತ್ತು.

ಸೆಪ್ಟೆಂಬರಿನಲ್ಲಿ ಹೊರಬಂದ 0.01 ಆವೃತ್ತಿ ಸುಮಾರು 10,000 ಸಾಲಿನದು. ಅದರೊಳಗಿನ ಒಂದು ಪುಟ್ಟ ಕಡತ ನಮಗೆ ಬಹಳ ಇಷ್ಟ. ಯಂತ್ರದ ಲೆಕ್ಕಾಚಾರ ಬರೆದಿಡುವ ಈ ಕಡತದಲ್ಲಿದ್ದ ಆಯ್ಕೆಗಳು ಎರಡೇ: ಲಿನಸ್‌ನ ಹಾರ್ಡ್‌ಡಿಸ್ಕ್, ‘ಲಾಸು’ವಿನ ಹಾರ್ಡ್‌ಡಿಸ್ಕ್. ಲಾಸು ಎಂದರೆ ಗೆಳೆಯ ಲಾರ್ಸ್ ವಿರ್ಜೆನಿಯಸ್. ಲಿನಸ್‌ನ ಯಂತ್ರವೆಂದರೆ 8 ಎಂಬಿ ಮೆಮೊರಿ, ಲಾಸುವಿನದೆಂದರೆ 4 ಎಂಬಿ. ನಿಮ್ಮದು ಮೂರನೆಯ ಬಗೆಯೇ? ಕಡತ ತೆರೆದು ಕೈಯಾರೆ ತಿದ್ದಿ, ಇಡೀ ತಿರುಳನ್ನು ಮತ್ತೆ ಕಟ್ಟಿಕೊಳ್ಳಿ. ಕೀಬೋರ್ಡಂತೂ ಫಿನ್ನಿಷ್ ಭಾಷೆಯದೊಂದೇ. ಕರ್ನೆಲ್ ಕಾನ್ಫಿಗರೇಷನ್ ಎಂದು ಇವತ್ತು ದೊಡ್ಡ ಹೆಸರಿನಲ್ಲಿ ಕರೆಯುವ ಕೆಲಸ ಹುಟ್ಟಿದ್ದು ಹೀಗೆ, ಇಬ್ಬರು ಹುಡುಗರ ಎರಡು ಕಂಪ್ಯೂಟರಿನ ನಡುವೆ.

1992ರಲ್ಲಿ ಲಿನಸ್ ಇದಕ್ಕೆ ಗ್ನೂ ಪರವಾನಗಿ ಹಾಕಿದರು. ಆಮೇಲೆ ಜನ ಸೇರಿದರು, ಒಬ್ಬೊಬ್ಬರೂ ತಮ್ಮ ಮನೆಯ ಯಂತ್ರಕ್ಕೆ ಬೇಕಾದ ಡ್ರೈವರ್ ಬರೆದು ಕಳಿಸಿದರು. 1994ರ ಮಾರ್ಚ್‌ನಲ್ಲಿ 1.0 ಬರುವ ಹೊತ್ತಿಗೆ ಸಾಲುಗಳು 1,76,000 ದಾಟಿದ್ದವು. ಆಯ್ಕೆ ಎರಡಿದ್ದದ್ದು ನೂರಾರಾಯಿತು. ಕೈಯಾರೆ ತಿದ್ದುವ ಕಾಲ ಹೋಗಿ, ಕಂಪ್ಯೂಟರೇ ಒಂದೊಂದಾಗಿ ಪ್ರಶ್ನೆ ಕೇಳುವ ಪದ್ಧತಿ ಬಂತು. ಈ ಹಾರ್ಡ್‌ಡಿಸ್ಕ್ ಬೇಕೇ? ಈ ನೆಟ್‌ವರ್ಕ್ ಕಾರ್ಡ್ ಬೇಕೇ? ಹೌದು, ಬೇಡ, ಹೌದು, ಬೇಡ. ನಡುವೆ ಒಂದು ಕಡೆ ತಪ್ಪು ಒತ್ತಿದರೆ ಮೊದಲಿನಿಂದ ಶುರು. ಪಡಿತರ ಚೀಟಿಯ ಅರ್ಜಿ ತುಂಬಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಸ್ವಲ್ಪ ಕಾಲದಲ್ಲೇ ಮೂರನೆಯ ಉತ್ತರವೊಂದು ಸೇರಿತು: ‘ಮಾಡ್ಯೂಲ್’. ಡ್ರೈವರನ್ನು ತಿರುಳಿನೊಳಗೆ ಅಂಟಿಸಿಬಿಡುವ ಬದಲು ಪಕ್ಕದಲ್ಲಿಟ್ಟುಕೊಂಡು, ಬೇಕಾದಾಗ ಒಳಗೆ ಕರೆದು, ಬೇಡವಾದಾಗ ಕಳಿಸುವುದು. ಸುಗ್ಗಿಗೆ ಕೂಲಿಯಾಳು ಕರೆದ ಹಾಗೆ. ಒಂದೇ ಸಿಡಿಯನ್ನು ಸಾವಿರ ತರದ ಕಂಪ್ಯೂಟರಿಗೆ ಹಾಕಲು ಸಾಧ್ಯವಾದದ್ದು ಇದರಿಂದ.

ಪ್ರಶ್ನೆ ಹೆಚ್ಚಿದ ಹಾಗೆ ಜಗಳವೂ ಹೆಚ್ಚಿತು. ಪ್ರಶ್ನೆ ಕೇಳಲು ಮೂರು ಬೇರೆ ಬೇರೆ ಉಪಕರಣಗಳಿದ್ದವು. ಒಂದೇ ಪ್ರಶ್ನೆಪತ್ರಿಕೆಯನ್ನು ಮೂರೂ ಸ್ವಲ್ಪ ಸ್ವಲ್ಪ ಬೇರೆಯಾಗಿ ಓದುತ್ತಿದ್ದವು. ಸಹಾಯದ ಟಿಪ್ಪಣಿಗಳೆಲ್ಲ ಒಂದೇ ದೊಡ್ಡ ಕಡತದಲ್ಲಿ ಕೂತಿದ್ದವು. ಅದನ್ನು ವರ್ಷಗಟ್ಟಲೆ ತಾಳ್ಮೆಯಿಂದ ನೋಡಿಕೊಂಡವರು ಆಕ್ಸೆಲ್ ಬೋಲ್ಟ್. ಏನೂ ತಿಳಿಯದವರು ಯಾವ ಉತ್ತರ ಒತ್ತಿದರೆ ಕ್ಷೇಮ ಎಂದೂ ಆ ಟಿಪ್ಪಣಿಗಳಲ್ಲಿ ಇರುತ್ತಿತ್ತು. ಇಂಥ ಕೆಲಸ ಮಾಡಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

2000ದಲ್ಲಿ ಎರಿಕ್ ರೇಮಂಡ್ ಎಂಬ ಹೆಸರುವಾಸಿ ತಂತ್ರಜ್ಞ ಇಡೀ ಪದ್ಧತಿಯನ್ನೇ ಹೊಸದಾಗಿ ಬರೆಯಲು ಕೂತರು. ಹೆಸರು ಸಿಎಂಎಲ್2. ‘ಟಿಲ್ಲಿ ಚಿಕ್ಕಮ್ಮ’ ಎಂಬ ಕಾಲ್ಪನಿಕ ಹೆಂಗಸನ್ನು ಮುಂದಿಟ್ಟುಕೊಂಡು, ಆಕೆಗೂ ತನ್ನ ತಿರುಳನ್ನು ತಾನೇ ಕಟ್ಟಿಕೊಳ್ಳಲು ಬರಬೇಕು ಎಂದು ವಾದಿಸಿದರು. ಟಿಲ್ಲಿ ಚಿಕ್ಕಮ್ಮನಿಗೆ ಈ ಉಸಾಬರಿ ಯಾಕೆ, ಸಿದ್ಧವಾಗಿ ಬಂದದ್ದನ್ನು ಬಳಸಲಿ ಎಂದರು ಉಳಿದವರು. ಅವರ ಅಸಲಿ ತಕರಾರು ಬೇರೆ ಇತ್ತು. ಹೊಸ ಪದ್ಧತಿಗೆ ಪೈಥಾನ್ ಬೇಕಿತ್ತು, ಎಲ್ಲಾ ನಿಯಮಗಳನ್ನೂ ಒಂದೇ ಏಟಿಗೆ ಬದಲಿಸಬೇಕಿತ್ತು. ಸುಮಾರು ಎರಡು ವರ್ಷದ ದುಡಿಮೆ ಮೂಲೆಗೆ ಹೋಯಿತು. 2002ರ ಅಕ್ಟೋಬರಿನಲ್ಲಿ ರೋಮನ್ ಜಿಪ್ಪೆಲ್ ಎಂಬವರು ಬರೆದ, ಹೆಚ್ಚು ಸದ್ದುಗದ್ದಲವಿಲ್ಲದ ‘ಕೆಕಾನ್ಫಿಗ್’ ಒಳಗೆ ಸೇರಿತು. ಹಳೆಯ ನಿಯಮಗಳನ್ನು ತಾನೇ ಹೊಸ ರೂಪಕ್ಕೆ ತಿರುಗಿಸಿಕೊಂಡು ಬಂದದ್ದು ಅದರ ಜಾಣತನ. ಇವತ್ತಿಗೂ ನಡೆಯುತ್ತಿರುವುದು ಅದೇ. ಆಯ್ಕೆಗಳು ಈಗ 15,000ಕ್ಕೂ ಹೆಚ್ಚು. ರೇಮಂಡರ ಕನಸು ತಪ್ಪಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಆದರೆ ಊರಿನ ಎಲ್ಲಾ ಮನೆಯ ಮಾಡನ್ನೂ ಒಂದೇ ದಿನ ಬಿಚ್ಚುತ್ತೇನೆಂದರೆ ಯಾರು ಒಪ್ಪುತ್ತಾರೆ?

ಅದೇ ಹೊತ್ತಿನಲ್ಲಿ ನಮ್ಮ ಬೆಂಗಳೂರಿನಲ್ಲೂ ಈ ತಿರುಳು ಒಂದು ಸಣ್ಣ ಪೆಟ್ಟಿಗೆಯೊಳಗೆ ಕೂತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅದು. ಮಾದರಿ ಹೊರಬಂದದ್ದು 2001ರಲ್ಲಿ. ಅಂಗೈ ಮೇಲೆ ಹಿಡಿಯುವ ಗಾತ್ರ, ಬೆರಳು-ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ. ಹಾರ್ಡ್‌ಡಿಸ್ಕ್ ಇಲ್ಲ, ಕೀಬೋರ್ಡೂ ಇಲ್ಲ. ಒಂದೇ ಪೆಟ್ಟಿಗೆಯನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್‌ಕಾರ್ಡ್ ಹಾಕುವ ಜಾಗ. ಲಿನಕ್ಸ್ ಆದದ್ದರಿಂದ ಬೇಡದ್ದನ್ನು ತೆಗೆದು, ಬೇಕಾದ್ದನ್ನು ಸೇರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. 2004ರಲ್ಲಿ ಬಿಇಎಲ್ ಜೊತೆಗೂಡಿ ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಮಾರಾಟ ನಡೆಯಲಿಲ್ಲ. ಐಫೋನ್ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಇನ್ನು ಮೇಲ್ವಿಚಾರಣೆಯ ವಿಷಯ. ನಮ್ಮ ಕಡೆ ಕೆರೆಗೆ ನೀರುಗಂಟಿ ಇರುವ ಹಾಗೆ ಲಿನಕ್ಸ್‌ನ ಪ್ರತಿಯೊಂದು ಭಾಗಕ್ಕೂ ಒಬ್ಬ ಮೇಂಟೇನರ್ ಇರಬೇಕು ಎಂಬುದು ಪದ್ಧತಿ. ತೂಬು ಯಾವಾಗ ಎತ್ತಬೇಕು, ಯಾರ ತಿದ್ದುಪಡಿ ಒಳಬಿಡಬೇಕು, ಯಾವುದನ್ನು ಹಿಂದಕ್ಕೆ ಕಳಿಸಬೇಕು, ಎಲ್ಲಾ ಅವರ ತೀರ್ಮಾನ. ಅವರ ಹೆಸರುಗಳ ದೊಡ್ಡ ಪಟ್ಟಿ ತಿರುಳಿನ ಜೊತೆಗೇ ಇರುತ್ತದೆ. ಒಂದೊಂದು ಹೆಸರಿನ ಪಕ್ಕದಲ್ಲಿ ಸ್ಥಿತಿಗತಿ: ಸಂಬಳ ಪಡೆದು ನೋಡಿಕೊಳ್ಳುವವರು, ಸಂಬಳವಿಲ್ಲದೆ ನೋಡಿಕೊಳ್ಳುವವರು, ಪುರುಸೊತ್ತಾದಾಗ ಮಾತ್ರ ನೋಡುವವರು. ಕೊನೆಗೆ ‘ಅನಾಥ’ ಎಂಬ ಸ್ಥಿತಿಯೂ ಇದೆ.

ಇವರ ಕೆಲಸಕ್ಕೆ ಕೊನೆ ಯಾಕಿಲ್ಲ ಎಂದರೆ, ತಿರುಳಿನ ಒಳಗಿನ ರೀತಿನೀತಿ ಬದಲಾಗುತ್ತಲೇ ಇರುತ್ತದೆ. ಒಂಬತ್ತು-ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಯುಎಸ್‌ಬಿ ಭಾಗವನ್ನೇ ಮೂರು ಬಾರಿ ಹೊಸದಾಗಿ ಕಟ್ಟಿದ್ದಾರೆ. ಇಲ್ಲೊಂದು ಒಪ್ಪಂದವಿದೆ: ನಿಮ್ಮ ಡ್ರೈವರ್ ಮುಖ್ಯ ಕಣಜದೊಳಗೆ ಇದ್ದರೆ, ರೀತಿನೀತಿ ಬದಲಿಸಿದವರೇ ಅದನ್ನೂ ತಿದ್ದಿಕೊಡಬೇಕು. ಹೊರಗೆ ಬಚ್ಚಿಟ್ಟುಕೊಂಡಿದ್ದರೆ ನಿಮ್ಮ ಪಾಡು ನಿಮಗೆ. ನಮ್ಮ ತಾಲ್ಲೂಕಿನ ಒಂದು ಶಾಲೆಗೆ ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರುಗಳು ಮೂಲೆ ಸೇರಿದ್ದವು. ಊರಿನ ಹುಡುಗನೊಬ್ಬ ಲಿನಕ್ಸ್ ಹಾಕಿದಾಗ ಅದರ ನೆಟ್‌ವರ್ಕ್ ಕಾರ್ಡ್ ತಾನಾಗಿಯೇ ಎದ್ದು ಕೂತಿತು. ಆ ಕಾರ್ಡ್ ಮಾಡಿದ ಕಂಪನಿ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು. ಕಣಜದಲ್ಲಿ ಇದ್ದುದರ ಲಾಭ ಅದು.

ಕಂಪನಿಗಳನ್ನು ಒಳಗೆ ಕರೆತರಲು ಗ್ರೆಗ್ ಕ್ರೋಹಾರ್ಟ್‌ಮನ್ 2007ರಲ್ಲಿ ಒಂದು ಕೊಡುಗೆ ಸಾರಿದರು: ನಿಮ್ಮ ಉಪಕರಣದ ವಿವರ ಕೊಡಿ, ಡ್ರೈವರನ್ನು ಪುಕ್ಕಟೆ ಬರೆದುಕೊಡುತ್ತೇವೆ. ಮರುವರ್ಷ, ಒಳ್ಳೆಯ ಸ್ಥಿತಿಯಲ್ಲಿಲ್ಲದ ಡ್ರೈವರುಗಳಿಗೆ ‘ಸ್ಟೇಜಿಂಗ್’ ಎಂಬ ಜಗಲಿ ಕಟ್ಟಿದರು. ಅಲ್ಲಿ ಕೂತು ಸುಧಾರಿಸಿಕೊಂಡು ಒಳಮನೆಗೆ ಬರಲಿ ಎಂದು. ಜಗಲಿಯ ಡ್ರೈವರ್ ಬಳಸಿದರೆ ತಿರುಳಿಗೆ ಒಂದು ಗುರುತು ಬೀಳುತ್ತದೆ. ಆ ಗುರುತಿಗೆ ಇಟ್ಟ ಇಂಗ್ಲಿಷ್ ಹೆಸರನ್ನು ಮರ್ಯಾದೆಯಾಗಿ ಹೇಳುವುದಾದರೆ ‘ಕಸ’. ಎಲ್ಲರೂ ಬರಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಎನ್‌ವಿಡಿಯಾ ಕಂಪನಿಯ ಮಾತು ಬಂದಾಗ ಟೋರ್ವಾಲ್ಡ್ಸ್ ಕ್ಯಾಮೆರಾದ ಎದುರೇ ಅಸಭ್ಯ ಸನ್ನೆ ಮಾಡಿ ಬೈದರು. ಆ ಕಂಪನಿ ತನ್ನ ಕರ್ನೆಲ್ ಮಾಡ್ಯೂಲುಗಳ ಮೂಲ ಬರಹ ತೆರೆದಿಟ್ಟದ್ದು 2022ರಲ್ಲಿ.

ಫೋನುಗಳದ್ದು ಇನ್ನೂ ದೊಡ್ಡ ಗೋಳು. ಚಿಪ್ ಮಾಡುವವರು ಲಿನಕ್ಸ್‌ನ ಒಂದು ಆವೃತ್ತಿ ತೆಗೆದುಕೊಂಡು, ತಮ್ಮ ಡ್ರೈವರುಗಳನ್ನು ಕಣಜದ ಹೊರಗೇ ಹೊಲಿದುಬಿಡುತ್ತಾರೆ. ಆಮೇಲೆ ಮುಖ್ಯ ತಿರುಳು ಮುಂದೆ ಹೋಗುತ್ತದೆ, ಫೋನು ನಿಂತಲ್ಲೇ ನಿಲ್ಲುತ್ತದೆ. ಗಟ್ಟಿಮುಟ್ಟಾಗಿರುವ ಫೋನಿಗೆ ಎರಡು-ಮೂರು ವರ್ಷಕ್ಕೇ ಅಪ್‌ಡೇಟ್ ನಿಂತು, ಹಣಕಾಸಿನ ಆ್ಯಪ್‌ಗಳಿಗೆ ಅದು ಹಳತಾಗುವುದಕ್ಕೆ ಇದೂ ಒಂದು ಕಾರಣ. ಗೂಗಲ್ ಇದನ್ನು ಸರಿಪಡಿಸಲು ಎಲ್ಲಾ ಫೋನಿಗೂ ಒಂದೇ ಸಾಮಾನ್ಯ ತಿರುಳು, ಚಿಪ್ಪಿನವರ ಡ್ರೈವರ್ ಬೇರೆ ಮಾಡ್ಯೂಲ್ ಎಂಬ ಏರ್ಪಾಡನ್ನು ತಂದಿದೆ. ಆಂಡ್ರಾಯ್ಡ್ 12ರ ಜೊತೆ 5.10 ತಿರುಳಿನಿಂದ ಅದು ಜಾರಿಗೆ ಬಂತು. ಇನ್ನೊಂದು ಕಡೆ, ಕೆಲವು ಆವೃತ್ತಿಗಳನ್ನು 6 ವರ್ಷ ಕಾಪಾಡುತ್ತೇವೆಂದು 2017ರಲ್ಲಿ ಹೇಳಿದ್ದವರು 2023ರಲ್ಲಿ ಮತ್ತೆ 2 ವರ್ಷಕ್ಕೆ ಇಳಿಸುತ್ತೇವೆಂದರು. ಮೇಂಟೇನರುಗಳು ದಣಿದಿದ್ದಾರೆ ಎಂಬ ಮಾತು ಆ ಸಭೆಯಲ್ಲೇ ಬಂತು. ಆ ಪಟ್ಟಿಗೆ ರಾಜಕೀಯವೂ ತಟ್ಟಿದೆ: 2024ರ ಅಕ್ಟೋಬರಿನಲ್ಲಿ ರಷ್ಯಾದ ಮೇಲಿನ ನಿರ್ಬಂಧಗಳ ಕಾರಣಕ್ಕೆ ಆ ದೇಶದ ನಂಟಿದ್ದ ಹತ್ತು-ಹನ್ನೆರಡು ಮೇಂಟೇನರುಗಳ ಹೆಸರು ತೆಗೆದುಹಾಕಿದರು. ವರ್ಷಗಟ್ಟಲೆ ದುಡಿದವರಿಗೆ ಮುಂಚಿತವಾಗಿ ಒಂದು ಮಾತು ಹೇಳಬಹುದಿತ್ತು ಎಂದು ನಮಗನ್ನಿಸುತ್ತದೆ.

ಹಳತನ್ನು ಎಲ್ಲಿಯವರೆಗೆ ಹೊರುವುದು ಎಂಬ ಪ್ರಶ್ನೆಯೂ ಇದೆ. ತಿರುಳು ಈಗ ಸುಮಾರು 4 ಕೋಟಿ ಸಾಲು. ಅರ್ಧಕ್ಕಿಂತ ಹೆಚ್ಚು ಡ್ರೈವರುಗಳದ್ದೇ. 2012ರ ಡಿಸೆಂಬರಿನಲ್ಲಿ 386 ಚಿಪ್ಪಿನ ಬೆಂಬಲವನ್ನು ಕಿತ್ತುಹಾಕಿದರು. ಅಂದರೆ 1991ರಲ್ಲಿ ಲಿನಸ್ ಕೊಂಡ, ಲಿನಕ್ಸ್ ಹುಟ್ಟಿದ ಆ ಯಂತ್ರದಲ್ಲೇ ಹೊಸ ಲಿನಕ್ಸ್ ಏಳುವುದಿಲ್ಲ. ಈ ಮಾತು ಎತ್ತಿದವರು ಇಂಗೊ ಮೋಲ್ನಾರ್, ಆದರೆ ಟೋರ್ವಾಲ್ಡ್ಸ್‌ಗೆ ಬೇಸರವೇನೂ ಇರಲಿಲ್ಲ.

ಫ್ಲಾಪಿಯ ಗತಿ ಬೇರೆಯಾಯಿತು. 2019ರಲ್ಲಿ ಅದರ ಮೇಂಟೇನರ್ ಬಳಿ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ‘ಅನಾಥ’ ಎಂದು ಬಿತ್ತು. ಅಷ್ಟಾದರೂ ಕಿತ್ತುಹಾಕಲಿಲ್ಲ, ಯಾಕೆಂದರೆ ಕಂಪ್ಯೂಟರಿನೊಳಗೆ ಕಂಪ್ಯೂಟರ್ ನಡೆಸುವವರು ಸುಳ್ಳು ಫ್ಲಾಪಿಯನ್ನು ಇನ್ನೂ ಬಳಸುತ್ತಿದ್ದರು. ಮರುವರ್ಷ ಡೆನಿಸ್ ಎಫ್ರೆಮೋವ್ ಎಂಬವರು ಮುಂದೆ ಬಂದು ತಾವು ನೋಡಿಕೊಳ್ಳುತ್ತೇವೆ ಎಂದರು. ಅನಾಥ ಎಂದಿದ್ದ ಜಾಗದಲ್ಲಿ ಅವರ ಹೆಸರು ಬಂತು.